ಮೂರನೇ ಲ್ಯಾಪ್‌ಟಾಪ್‌ನಲ್ಲಿ ಕಂಡದ್ದು

ಹೆಸರು ಮತ್ತು ವಿಳಾಸ ಮೊದಲ ಹಾಳೆಯಲ್ಲಿ ಬರೆದುಕೊಂಡಂತೆ. ವಯಸ್ಸು ಮೂವತ್ತೊಂದು ವರ್ಷ. ಉದ್ಯೋಗ ಫೋಟೋಗ್ರಾಫರ್, ಸ್ವಂತ ಸ್ಟುಡಿಯೋ, ಅದರ ಹಿಂದಿನ ಕೋಣೆಯಲ್ಲೇ ವಾಸ. ಇಂದು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನಗೆ ಇರುವವಳು ಒಬ್ಬಳೇ ಅಕ್ಕ. ಆಕೆಗೆ ಮದುವೆಯಾಗಿ ಆರು ವರ್ಷವಾಯಿತು. ಭಾವನವರು ಗೋದಾಮೊಂದರಲ್ಲಿ ಮೇಲ್ವಿಚಾರಕರು. ಚೌಕಾಸಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ನನ್ನ ಹಳೆಯ ಲ್ಯಾಪ್‌ಟಾಪ್ ಒಂದು ಚಿತ್ರ ತೆರೆಯುವಷ್ಟರಲ್ಲಿ ನಾನು ಟೀ ಕುಡಿದು ಲೋಟ ತೊಳೆದಿಡುವಂತಾಗಿತ್ತು. ಹೊಸದು ಕೊಳ್ಳಲು ನನ್ನ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಭಾವನನ್ನು ಕರೆದುಕೊಂಡು ಹೋಗು, ಅಂಗಡಿಯವನ ಬೆವರಿಳಿಸಿ ಕಮ್ಮಿಗೆ ಕೊಡಿಸುತ್ತಾರೆ ಎಂದು ಅಕ್ಕನೇ ಹೇಳಿದಳು.

ಬೆಳಿಗ್ಗೆ 11.10ಕ್ಕೆ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಅದು ಸ್ಟುಡಿಯೋದಿಂದ ಸುಮಾರು ನಾನೂರು ಮೀಟರ್ ದೂರ, ಮೊದಲ ಮಹಡಿಯಲ್ಲಿದೆ. ಮಾಲೀಕರನ್ನು ಎಲ್ಲರೂ ಗ್ಯಾರಂಟಿ ಎಂದೇ ಕರೆಯುತ್ತಾರೆ, ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕೊಡುವುದರಿಂದ. ಬದಲಿಗೆ ಕೊಡೋಣವೆಂದು ಹಳೆಯ ಲ್ಯಾಪ್‌ಟಾಪನ್ನೂ ಒಯ್ದಿದ್ದೆ. ಅದರ ತೂಕ ಎರಡೂಮುಕ್ಕಾಲು ಕಿಲೋ. ತೂಕದ ವಿಷಯ ಮುಂದೆ ಬರುತ್ತದೆ.

ನನ್ನ ಕೆಲಸಕ್ಕೆ ಮೊದಲು ನೋಡಬೇಕಾದದ್ದು ಪರದೆ. ಮೆಮೊರಿ ಆಮೇಲೆ ಹಾಕಿಸಿಕೊಳ್ಳಬಹುದು. ಪರದೆ ಬಣ್ಣವನ್ನು ತಪ್ಪು ತೋರಿಸಿದರೆ ಮಾಡಿದ ಕೆಲಸವೆಲ್ಲ ಮಣ್ಣುಪಾಲು. ಪರದೆ ಸುಳ್ಳು ಹೇಳುತ್ತದೋ ಇಲ್ಲವೋ ತಿಳಿಯಲು ಚೆನ್ನಾಗಿ ಗೊತ್ತಿರುವ ಒಂದು ಮುಖ ಬೇಕು. ಹೋದ ವಾರ ಅಕ್ಕ ಕೆಲಸಕ್ಕೆ ಅರ್ಜಿ ಹಾಕಲು ಫೋಟೋ ತೆಗೆಸಿಕೊಂಡಿದ್ದಳು. ಆ ಚಿತ್ರವನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿದ್ದೆ. ಫೋಟೋ ತೆಗೆಯುವಾಗ ಕತ್ತಿನ ಶಾಲು ತೆಗಿ ಎಂದಿದ್ದಕ್ಕೆ ಆಕೆ ಕನ್ನಡಿಯ ಮುಂದೆ ಹೋಗಿ ಮತ್ತೊಮ್ಮೆ ಪೌಡರ್ ಹಚ್ಚಿಕೊಂಡು ಬಂದಿದ್ದಳು. ಇಷ್ಟೊಂದು ಸುಣ್ಣ ಯಾಕೆ ಬಳಿದುಕೊಂಡಿದ್ದೀಯ ಎಂದು ನಾನು ತಮಾಷೆ ಮಾಡಿದ್ದೆ. ಸೆಕೆ ಎಂದಿದ್ದಳು.

ಮೊದಲನೆಯ ಲ್ಯಾಪ್‌ಟಾಪ್ ಹೊಚ್ಚ ಹೊಸದು, ಅಗ್ಗದ್ದು. ಅದರಲ್ಲಿ ಅಕ್ಕನ ಮುಖ ಒಗೆದು ಹಾಕಿದ ಬಟ್ಟೆಯಂತೆ ಬೆಳ್ಳಗೆ ಕಂಡಿತು. ಭಾವನವರಿಗೆ ಅದೇ ಹಿಡಿಸಿತು. ಎರಡನೆಯದು ವೇಗದ್ದು, ಆದರೆ ಎಲ್ಲವನ್ನೂ ನೀಲಿ ಮಾಡುತ್ತಿತ್ತು. ಮೂರನೆಯದು ಬೇರೆಯವರು ಬಳಸಿ ಬಿಟ್ಟದ್ದು, ಒಂದು ಮೂಲೆ ನೆಗ್ಗಿತ್ತು, ಬ್ಯಾಟರಿ ಅಷ್ಟಕ್ಕಷ್ಟೇ. ಅದರಲ್ಲಿ ಚಿತ್ರ ತೆರೆದಾಗ ಅಕ್ಕನ ಕತ್ತಿನಲ್ಲಿ ಪೌಡರಿನ ಕೆಳಗೆ ಕಲೆಗಳು ಕಂಡವು. ಬಲಕ್ಕೆ ಒಂದು, ಎಡಕ್ಕೆ ನಾಲ್ಕು. ಬಣ್ಣ ಹಳದಿ ಮಿಶ್ರಿತ ಹಸಿರು, ಅಂಚಿನಲ್ಲಿ ನೇರಳೆ.

ಪರದೆಯ ದೋಷವಿರಬೇಕೆಂದು ಬಣ್ಣ ಪರೀಕ್ಷೆಗೆ ಇಟ್ಟುಕೊಂಡಿರುವ ಬೂದು ಹಾಳೆಯ ಚಿತ್ರವನ್ನು ತೆರೆದೆ. ಬೂದು ಬೂದಾಗಿಯೇ ಇತ್ತು. ಪರದೆ ಸರಿಯಿತ್ತು. ಮತ್ತೆ ಅಕ್ಕನ ಚಿತ್ರ ತೆರೆದು ದೊಡ್ಡದು ಮಾಡಿದೆ. ಏನೂ ಅರಿಯದ ಗ್ಯಾರಂಟಿ, "ಸ್ಕ್ರೀನ್ ನೋಡಿ ಮೇಡಂ, ಚರ್ಮದ ಒಳಗಿಂದೂ ತೋರಿಸುತ್ತೆ" ಎಂದರು. ಭಾವನವರು, "ಇದು ಬೇಡ, ಮೊದಲನೇದು ಕಟ್ಟಿಸು" ಎಂದರು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಚಿತ್ರವನ್ನು.

ಭಾವ, ಇದೇನಿದು ಎಂದು ಕೇಳಿದೆ. ಲೈಟಿನ ನೆರಳು ಎಂದರು. ಚಿತ್ರ ತೆಗೆದವಳು ನಾನು, ಲೈಟು ಇಟ್ಟವಳೂ ನಾನೇ, ಅಕ್ಕನಿಗೆ ಈಗಲೇ ಫೋನ್ ಮಾಡುತ್ತೇನೆ ಎಂದೆ. ಇಲ್ಲಿಂದ ಮುಂದೆ ಅವರನ್ನು ಅವನು ಎಂದೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಅವನು ಲ್ಯಾಪ್‌ಟಾಪಿನ ಮುಚ್ಚಳವನ್ನು ರಪ್ಪನೆ ಮುಚ್ಚಿದ. ನನ್ನ ಎಡಗೈ ಕೀಲಿಗಳ ಮೇಲಿತ್ತು. ಅವನು ಮುಚ್ಚಳದ ಮೇಲೆ ಮೊಣಕೈ ಊರಿ ಮೈಭಾರವನ್ನೆಲ್ಲ ಬಿಟ್ಟ. ಉಂಗುರದ ಬೆರಳು, ಕಿರುಬೆರಳು ಎರಡೂ ಮುರಿದ ಸದ್ದು ನನಗೆ ಕೇಳಿಸಿತು. ನಾನು ಕೂಗುವ ಮೊದಲೇ ಬಲಗೈಯಿಂದ ನನ್ನ ಕತ್ತು ಹಿಡಿದು ಹಿಂದಿನ ಕಪಾಟಿಗೆ ಒತ್ತಿದ. ಮೇಲಿನಿಂದ ಕೀಬೋರ್ಡುಗಳು ಒಂದೊಂದಾಗಿ ತಲೆಯ ಮೇಲೆ ಬಿದ್ದವು. ಅವನ ಹೆಬ್ಬೆರಳು ನನ್ನ ಬಲ ಕಿವಿಯ ಕೆಳಗಿತ್ತು, ಉಳಿದ ನಾಲ್ಕು ಎಡಕ್ಕಿದ್ದವು. ಆ ಕೈ ಎಲ್ಲಿ ಹಿಡಿಯಬೇಕೆಂದು ಹುಡುಕಾಡಲಿಲ್ಲ. "ಮನೆ ವಿಷಯ ಬೀದಿಗೆ ತರ್ತೀಯಾ" ಎಂದು ಮೆಲ್ಲಗೆ ಕೇಳಿದ. ಉಸಿರು ನಿಂತುಹೋಗಿತ್ತು, ಕಣ್ಣಿಗೆ ಕತ್ತಲೆ ಕವಿಯಿತು.

ಹಳೆಯ ಲ್ಯಾಪ್‌ಟಾಪ್ ನನ್ನ ಬಲಗೈಗೆ ಒಂದು ಮೊಳ ದೂರದಲ್ಲಿತ್ತು. ಅದರಿಂದ ಹೊಡೆದೆ. ಮೊದಲನೆಯ ಏಟು ಭುಜಕ್ಕೆ ಬಿತ್ತು, ಅವನು ಬಿಡಲಿಲ್ಲ. ಎರಡನೆಯದು ಬಾಯಿಗೆ ಬಿತ್ತು. ರಕ್ತ ಮತ್ತು ಹಲ್ಲಿನ ಚೂರು ನನ್ನ ಅಂಗಿಯ ಮೇಲೆ ಬಿದ್ದವು, ಆಗ ಬಿಟ್ಟ. ಮೂರನೆಯದು ಅವನು ಬಗ್ಗಿದ್ದಾಗ ಕಿವಿಯ ಮೇಲೆ ಹೊಡೆದದ್ದು. ಅದು ಬೇಕಿರಲಿಲ್ಲ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಸಾಹೇಬರು ಹೇಳಿದರು. ನನಗೆ ಬೇಕಿತ್ತು.

ಅವನು ಎದ್ದು ನನ್ನ ಹೊಟ್ಟೆಗೆ ಒದ್ದ. ನಾನು ಬಿದ್ದೆ. ಆಮೇಲೆ ಮೂರನೇ ಲ್ಯಾಪ್‌ಟಾಪನ್ನು ನೆಲಕ್ಕೆ ಅಪ್ಪಳಿಸಿ, ಪರದೆ ಪುಡಿಯಾಗುವವರೆಗೂ ಬೂಟುಗಾಲಿನಲ್ಲಿ ತುಳಿದ. ಚಿತ್ರ ಅದರಲ್ಲೇ ಇದೆ ಎಂದುಕೊಂಡಿದ್ದ. ಪೆನ್ ಡ್ರೈವ್ ಆಗಲೇ ಕಳಚಿ ಕಪಾಟಿನ ಅಡಿಗೆ ಜಾರಿತ್ತು. ಗ್ಯಾರಂಟಿ ಓಡಿಹೋಗಿ ಹೊರಗಿನಿಂದ ಷಟರ್ ಎಳೆದು ಬಾಗಿಲಿಗೇ ಒರಗಿ ನಿಂತು ಜನರನ್ನು ಕೂಗಿದರು. ಷಟರಿನ ಒಳಗೆ ನಾನೂ ಅವನೂ ಇದ್ದೆವು ಎಂಬುದು ಅವರಿಗೆ ಹೊಳೆದದ್ದು ಎರಡು ನಿಮಿಷದ ಮೇಲೆ. ಆ ಎರಡು ನಿಮಿಷ ನಾನು ಹಳೆಯ ಲ್ಯಾಪ್‌ಟಾಪನ್ನು ಎತ್ತಿ ಹಿಡಿದೇ ಕೂತಿದ್ದೆ, ಅವನು ಹತ್ತಿರ ಬರಲಿಲ್ಲ.

ಷಟರ್ ತೆಗೆದ ಮೇಲೆ ಅಲ್ಲಿ ಸೇರಿದ್ದ ಜನರೇ ನನಗೆ ಆಸ್ಪತ್ರೆಯಲ್ಲಿ ಬೆರಳುಗಳಿಗೆ ಪಟ್ಟಿ ಕಟ್ಟಿಸಿ 1.20ಕ್ಕೆ ಠಾಣೆಗೆ ಕರೆತಂದರು. ಅವನು ಮೊದಲೇ ಬಂದಿದ್ದ. ಹುಡುಗಿಗೆ ತಲೆ ಕೆಟ್ಟಿದೆ, ಯಾವುದೋ ಹಳೇ ಸ್ಕ್ರೀನಿನ ದೋಷ ನೋಡಿ ಮೈಮೇಲೆ ಬಿದ್ದಳು ಎಂದು ಹೇಳಿದ್ದ. ಸಾಹೇಬರು ಪೆನ್ ಡ್ರೈವನ್ನು ಕಪಾಟಿನ ಅಡಿಯಿಂದ ತೆಗೆಸಿ ತರಿಸಿ ಠಾಣೆಯ ಕಂಪ್ಯೂಟರಿಗೆ ಹಾಕಿ ನೋಡಿದರು. ಅಕ್ಕನ ಕತ್ತು ಬೆಣ್ಣೆಯಂತೆ ಇತ್ತು. ಕಲೆ ತೋರಿಸುವ ಪರದೆ ಅಂಗಡಿಯ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಅವನು ನನ್ನನ್ನು ನೋಡಿ ನಕ್ಕ, ಹಲ್ಲು ಹೋದ ಜಾಗ ಕಾಣುವಂತೆ.

ಸಾಹೇಬರು ಕರೆಸಿದ್ದಕ್ಕೆ 2.05ಕ್ಕೆ ಅಕ್ಕ ಬಂದಳು. ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದಳು. "ಏನೂ ಇಲ್ಲ ಅಂತ ಹೇಳು, ಮನೆಗೆ ಹೋಗೋಣ" ಎಂದು ಅವನು ಹೇಳಿದ. ಅಕ್ಕ ಕಂಪ್ಯೂಟರಿನಲ್ಲಿದ್ದ ತನ್ನ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಪಟ್ಟಿ ಕಟ್ಟಿದ ಕೈಯನ್ನು, ನನ್ನ ಕತ್ತನ್ನು ನೋಡಿದಳು. ಮಹಿಳಾ ಪೇದೆಯವರ ಹತ್ತಿರ ನೀರು ಕೇಳಿ, ಕರವಸ್ತ್ರ ಒದ್ದೆ ಮಾಡಿಕೊಂಡು, ಗುಂಡಿ ಬಿಚ್ಚಿ, ಕಿವಿಯಿಂದ ಕೆಳಕ್ಕೆ ಒರೆಸಿಕೊಂಡಳು. ಹೋದ ವಾರದವು ಮಾಸಿದ್ದವು, ಅವುಗಳ ಮೇಲೆಯೇ ಹೊಸವು ಇದ್ದವು. ಬಲಕ್ಕೆ ಒಂದು, ಎಡಕ್ಕೆ ನಾಲ್ಕು.

"ಈಗ ತೆಗಿಯೇ, ಪೌಡರ್ ಇಲ್ಲದೆ" ಎಂದಳು. ಸಾಹೇಬರ ಒಪ್ಪಿಗೆ ಪಡೆದು ಯಾವಾಗಲೂ ಜೊತೆಗಿರುವ ಚೀಲದಿಂದ ಕ್ಯಾಮೆರಾ ತೆಗೆದೆ. ನನ್ನ ಎಡಗೈ ಏಳಲಿಲ್ಲ, ಲೆನ್ಸನ್ನು ಕೆಳಗಿನಿಂದ ಅಕ್ಕನೇ ಹಿಡಿದುಕೊಂಡಳು. ಆ ಚಿತ್ರವನ್ನು ಈ ಹೇಳಿಕೆಯ ಜೊತೆ ಕೊಟ್ಟಿದ್ದೇನೆ. ಅದನ್ನು ನೋಡಲು ಒಳ್ಳೆಯ ಪರದೆಯೇನೂ ಬೇಕಿಲ್ಲ, ಠಾಣೆಯ ಕಂಪ್ಯೂಟರಿನಲ್ಲೂ ಕಾಣುತ್ತದೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೇಳದ್ದು ಸೇರಿಲ್ಲ. ಒಂದು ಕಡೆ ಮತ್ತೆ ‘ಭಾವನವರು’ ಎಂದು ಬರೆದಿದ್ದರು, ಹೊಡೆದು ಹಾಕಿಸಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಮೊದಲ ಹಾಳೆಯಲ್ಲಿದ್ದಂತೆ
ಸಹಿ: (ಹೇಳಿಕೆ ಕೊಟ್ಟವಳು)
ಸಾಕ್ಷಿ ಸಹಿ: (ಅಕ್ಕ)