ರೊಟ್ಟಿ ಬಡಿಯುವ ಸಪ್ಪಳ

ದುರ್ಗವ್ವ ಹರಕೆ ತೀರಿಸಲು ಯಮನೂರಿಗೆ ಹೊರಟಿದ್ದಳು. ಹೊಸ ಸೊಸೆ ಮೈಲಾರವ್ವ ಮೊರಬದ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಿದ್ದಳು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಅದೇ ಊರಿನ ಹುಲಿಗೆಪ್ಪ, ಹೆಣ್ಣುಮಕ್ಕಳ ಮಾತು ಕೇಳಬಾರದೆಂದುಕೊಳ್ಳುತ್ತಲೇ ಕೇಳಿದ.

"ಇವತ್ತ ರೊಟ್ಟಿ ನಾ ಒಬ್ಬಾಕಿನ ಮಾಡಬೇಕೇನ್ರಿ ಅತ್ತಿ?"

"ಮತ್ತ ನಿಮ್ಮ ಮಾವ ಬಡೀತಾರೇನ?"

"ನನ್ನ ರೊಟ್ಟಿ ದಪ್ಪ ಆಗ್ತಾವ್ರಿ."

"ಅಂಜಿ ಮೆಲ್ಲಕ ಬಡೀತಿ, ಅದಕ್ಕ."

"ಜೋರ ಬಡದ್ರ ಹರೀತಾವ್ರಿ. ಸಪ್ಪಳ ಕೇಳಿ ಬಾಜು ಮನಿ ರಾಮವ್ವ ನಗ್ತಾಳ್ರಿ."

"ಹರಿದದ್ದು ನಿಮ್ಮ ಮಾವಗ ಹಾಕು. ಹೆಂಗೂ ಹಾಲಾಗ ಮುರಕೊಂಡ ತಿಂತಾರ."

ಬಸ್ಸು ಬಂತು. ದುರ್ಗವ್ವ ಹತ್ತಿ, ಕಿಟಕಿಯಿಂದ ಹಣಕಿದಳು.

"ನಾಳೆ ಬಂದು ರೊಟ್ಟಿ ಹೆಂಗಿದ್ವು ಅಂತ ಮಾವಗ ಕೇಳಂಗಿಲ್ಲ. ಸಪ್ಪಳ ಕೇಳಿಸ್ತೇನ ಅಂತ ರಾಮವ್ವಗ ಕೇಳ್ತೀನಿ."

ಬಸ್ಸು ಹೊರಟಿತು. ಮೈಲಾರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ಹಾದಿ ಹಿಡಿದಳು.