ಐದು ಸಲ ಸಿಕ್ಕ ಬಲೆ

ಅಯ್ಯೋ ಅಯ್ಯೋ, ಅದರಲ್ಲಿ ಕೂತ್ಕೋಬೇಡ ಅಕ್ಕಾ! ಅದು ಕೂತ್ಕೊಳ್ಳೋ ಕುರ್ಚಿ ಅಲ್ಲ, ತೋರಿಸೋ ಕುರ್ಚಿ. ನಾಳೆ ಹನ್ನೊಂದು ಗಂಟೆಗೆ ಏಳು ದೇಶದವರು ಬಂದು ಅದನ್ನ ಮುಟ್ಟಿ ನೋಡ್ತಾರೆ. ಈ ಸ್ಟೂಲ್ ಮೇಲೆ ಕೂತ್ಕೋ. ಒಂದು ಕಾಲು ಕುಂಟು, ಸ್ವಲ್ಪ ವಾಲಿ ಕೂತ್ರೆ ಸರಿಹೋಗುತ್ತೆ... ಹಾಂ, ಹಾಗೆ. ಎಲ್ಲಿದ್ವಿ? ಭಾಷಣ. ತಗೋ ಕಾಗದ, ಇನ್ನೊಂದು ಸಲ ನೋಡೋಣ.

"ನಾನು ಹರಿದ ಬಲೆ ಕಟ್ಟುವ ಹೆಂಗಸು. ಎಂಟು ತಿಂಗಳ ಹಿಂದೆ ನಮ್ಮ ಮನೆಯ ಹಳೇ ಬಲೆಯನ್ನು ಸಮುದ್ರಕ್ಕೆ ಎಸೆಯದೆ ಈ ಮರುಬಳಕೆ ಕೇಂದ್ರಕ್ಕೆ ತಂದುಕೊಟ್ಟೆ. ಅದೇ ಬಲೆ ಇಂದು ಈ ಕುರ್ಚಿಯಾಗಿದೆ." ಇಲ್ಲಿ ಕುರ್ಚಿ ಕಡೆ ಕೈ ತೋರಿಸ್ಬೇಕು... ಎಡಗೈ ಅಲ್ಲ ಮಹಾತಾಯಿ! ಬಲಗೈ! ಮೈಕೂ ಬಲಗೈಲೇ ಹಿಡಿ. ಎಡಚಿ ಎಡಚಿ ಅಂತ ಅಮ್ಮ ಹೊಡೆದೂ ಹೊಡೆದೂ ಸೌಟು ಬಗ್ಗಿತೇ ಹೊರತು ನೀನು ಬಗ್ಗಲಿಲ್ಲ ನೋಡು.

ಯಾಕೆ ನಗ್ತೀಯಾ? ಕುರ್ಚಿ ಅಡಿಯಲ್ಲಿ ಏನು ನೋಡ್ತಿದ್ದೀಯ? ...ಥತ್! ಅಂಗಡಿ ಚೀಟಿ ಕಿತ್ತೇ ಇಲ್ಲ! ಎರಡು ವರ್ಷ ಗ್ಯಾರಂಟಿ ಅಂತ ಬೇರೆ ಇದೆ. ತಡಿ ತಡಿ, ಉಗುರಲ್ಲಿ ಕೆರೆದು ತೆಗೀತೀನಿ.

ನಗು, ನಗು. ನಿನ್ನ ಹತ್ರ ಏನು ಮುಚ್ಚುಮರೆ? ಹೌದು, ಪೇಟೆಯಿಂದ ತಂದ ಕುರ್ಚಿ. ಯಂತ್ರ ಓಡಿದ್ರೆ ತಾನೇ ಬಲೆ ಕರಗಿ ಕುರ್ಚಿ ಆಗೋದು? ಅಗೋ, ಮೂಲೆಯಲ್ಲಿ ಜ್ವರ ಬಂದೋರ ಹಾಗೆ ಮುಸುಕು ಹಾಕ್ಕೊಂಡು ನಿಂತಿದೆಯಲ್ಲ, ಅದೇ ಯಂತ್ರ. ಕೊಟ್ಟದ್ದು ಒಂದು ದೇಶ. ಅದರ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಹೋಗಲ್ಲ. ಪ್ಲಗ್ಗು ಕೊಡ್ತೀವಿ ಅಂದದ್ದು ಇನ್ನೊಂದು ದೇಶ. ಅವೆರಡು ದೇಶಕ್ಕೂ ಮಾತುಕತೆ ಇಲ್ಲ! ಮೂರನೇ ದೇಶದಲ್ಲಿ ಸಭೆ ಕರೆದು, ಪ್ಲಗ್ಗಿಗೆ ಅಂತಲೇ ಒಂದು ಸಮಿತಿ ಮಾಡಿದ್ರು. ಸಮಿತಿಯೋರು ಬಂದು, ಬಗ್ಗಿ ನೋಡಿ, ಸಾಕೆಟ್ಟಿನ ಫೋಟೋ ತಗೊಂಡು ಹೋಗಿ ಹದಿನಾಲ್ಕು ತಿಂಗಳಾಯ್ತು. ನಾನೇ ಎರಡು ವೈರ್ ತಿರುಚಿ ಓಡಿಸ್ಲಾ ಅಂತ ಕೇಳಿದ್ದಕ್ಕೆ, ಒಪ್ಪಂದ ಮುರಿದಂತಾಗುತ್ತೆ ಅಂತ ಪತ್ರ ಬಂತು. ನಾಲ್ಕು ಪುಟ!

ಮಾತಂತೂ ಕೇಳ್ಬೇಕು ಅವರದ್ದು. ಕಸ ಅನ್ನಬಾರದಂತೆ, ಸಂಪನ್ಮೂಲ ಅನ್ನಬೇಕಂತೆ. ಅಳಿಯ ಅಲ್ಲ, ಮಗಳ ಗಂಡ! ಒಂದು ಸಲ ಬಳಸಿ ಬಿಸಾಡಬಾರದು, ತಿರುಗಿ ತಿರುಗಿ ಬಳಸಬೇಕು, ಅದಕ್ಕೆ ವೃತ್ತಾಕಾರದ ಆರ್ಥಿಕತೆ ಅಂತ ಹೆಸರು. ಒಳ್ಳೇ ಮಾತೇ. ನಾನೂ ಮನಸ್ಸಾರೆ ನಂಬಿದ್ದೆ ಅಕ್ಕಾ, ಮೊದಮೊದಲು. ಈ ಗೋಡೆಗೆ ಬಣ್ಣ ಬಳಿದವನೇ ನಾನು.

ಆದ್ರೆ ಬಂದೋರಿಗೆಲ್ಲ ಒಂದೇ ಆಸೆ. ಬಲೆ ಸಮುದ್ರದಿಂದ ಮೇಲೆ ಬರೋದನ್ನ ಕಣ್ಣಾರೆ ನೋಡ್ಬೇಕು, ಕ್ಯಾಮೆರಾದಲ್ಲಿ ಹಿಡೀಬೇಕು. ಅದೂ ಹನ್ನೊಂದಕ್ಕೆ ಸರಿಯಾಗಿ, ಯಾಕಂದ್ರೆ ಹನ್ನೆರಡಕ್ಕೆ ಊಟ. ಸಮುದ್ರ ಏನು ನಮ್ಮ ಮನೆ ನಲ್ಲಿನಾ, ತಿರುಗಿಸಿದ ತಕ್ಷಣ ಬರೋಕೆ? ಅದಕ್ಕೇ ಒಂದು ಉಪಾಯ ಮಾಡ್ದೆ. ಹಿಂದಿನ ದಿನವೇ ಗೋಡೌನಿಂದ ಒಂದು ಬಲೆ ಒಯ್ದು, ಕಲ್ಲು ಕಟ್ಟಿ, ಬಂದರಿನ ಬಾಯಲ್ಲಿ ಮುಳುಗಿಸೋದು. ಮೇಲೆ ಗುರುತಿಗೆ ಒಂದು ಕೆಂಪು ಡಬ್ಬ. ಮಾರನೇ ದಿನ ಅವರ ಕೈಯಲ್ಲೇ ಹಗ್ಗ ಎಳೆಸೋದು! ಒಬ್ಬಮ್ಮ ಬಲೆ ತಬ್ಕೊಂಡು ಅತ್ತೇಬಿಟ್ಳು, ಗೊತ್ತಾ? ಅದೇ ಬಲೆ ಐದು ಸಲ ಸಿಕ್ಕಿದೆ. ಐದು ಸಲವೂ ವರದಿಗೆ ಸೇರಿದೆ. ತಿರುಗಿ ತಿರುಗಿ ಬಳಸಿ ಅಂದ್ರಲ್ಲ, ನಮ್ಮಷ್ಟು ಶ್ರದ್ಧೆಯಿಂದ ತಿರುಗಿಸಿದೋರು ಯಾವ ದೇಶದಲ್ಲಿದ್ದಾರೆ ಹೇಳು!

...ಯಾಕೆ, ನಗು ನಿಂತೇಹೋಯ್ತು? ಇದೇ ತಾನೇ ನಗೋ ಜಾಗ.

ಹಾಗೆ ಯಾಕೆ ನೋಡ್ತೀಯ? ಯಾವುದೋ ಒಂದು ಹಳೇ ಬಲೆ. ನಿಂದಲ್ಲ. ನಿಂದು ಅಂತ ನಾನು ಹೇಳಿದ್ನಾ? ನೀನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಿನ್ನ ಬಲೆ ಗೋಡೌನಲ್ಲಿ ಭದ್ರವಾಗಿದೆ, ನಂಬರ್ ಚೀಟಿ ಕಟ್ಟಿಟ್ಟಿದ್ದೀನಿ. ನಾಳೆಗೆ ಅಂತ ಬೇರೆ ಒಂದು ತೆಗೆದಿಟ್ಟಿದ್ದೀನಿ, ಆ ಹಳೇದು... ಸವೆದುಹೋಯ್ತು.

ಸರಿ, ಎರಡನೇ ಭಾಗ. ಜೀವ ಇರೋದೇ ಇದರಲ್ಲಿ. "ಹೋದ ತಿಂಗಳು ಸಮುದ್ರದಲ್ಲಿ ತೇಲುತ್ತಿದ್ದ ಯಾವುದೋ ಬಲೆ ನನ್ನ ಗಂಡನ ದೋಣಿಯ ಎಂಜಿನ್ ಫ್ಯಾನಿಗೆ ಸುತ್ತಿಕೊಂಡಿತು. ಬಿಡಿಸಲು ಹೋದಾಗ ಬಲಗೈಯ ಮೂರು ಬೆರಳು ಹೋದವು. ಅದು ಯಾವ ದೇಶದ ಬಲೆಯೋ ಗೊತ್ತಿಲ್ಲ. ಸಮುದ್ರಕ್ಕೆ ಗಡಿ ಇಲ್ಲ. ಆದ್ದರಿಂದ ಎಲ್ಲ ದೇಶಗಳೂ ಕೈ ಜೋಡಿಸಬೇಕು." ಅಷ್ಟು ಹೇಳಿ ಒಂದು ಉಸಿರಿನಷ್ಟು ಹೊತ್ತು ಮಾತು ನಿಲ್ಲಿಸು. ಆಗ ಭಾವ ಮುಂದಿನ ಸಾಲಲ್ಲಿ ಎದ್ದು, ಆ ಕೈ... ಎತ್ತಿ ತೋರಿಸಿದ್ರೆ ಸಾಕು, ಮಾತಾಡೋದೇನೂ ಬೇಡ.

ಓದು ಅಕ್ಕಾ. ...ಓದು. ನುಂಗಲಾರದ ತುತ್ತು ಅಂತ ನಂಗೂ ಗೊತ್ತು. ಆದ್ರೆ ನಾಳೆ ಅವರು ದುಡ್ಡು ಕೊಡೋಕೆ ಒಪ್ಪಿದ್ರೆ ಕೇಂದ್ರ ಇನ್ನು ಐದು ವರ್ಷ ನಡೆಯುತ್ತೆ, ನಾನು ಖಾಯಂ ಆಗ್ತೀನಿ. ಒಪ್ಪದಿದ್ರೆ ಸೋಮವಾರದಿಂದ ಬಾಗಿಲಿಗೆ ಬೀಗ. ಭಾವನಿಗೂ ಇಲ್ಲೇ ಗೇಟಿನ ಕೆಲಸಕ್ಕೆ ಮಾತಾಡಿದ್ದೀನಿ. ಗೇಟು ತೆಗೆಯೋಕೆ ಎರಡು ಬೆರಳು ಸಾಕು... ಅಲ್ಲ, ತಪ್ಪು ತಿಳ್ಕೋಬೇಡ, ತಮಾಷೆಗೆ ಅಂದದ್ದಲ್ಲ.

ಎಲ್ಲಿಗೆ ಎದ್ದೆ? ಗೋಡೌನಿಗಾ? ಕೀ ನನ್ನ ಹತ್ರ ಇಲ್ಲ. ...ಇದಾ? ಸೊಂಟದಲ್ಲಿರೋದು ಮನೆ ಕೀ. ಹೌದು, ಮೇಲೆ ಗೋಡೌನ್ ಅಂತ ಬರೆದಿದೆ, ಬರೆದ ಮಾತ್ರಕ್ಕೆ... ಈಗ ಬೇಡ ಅಕ್ಕಾ. ಒಳಗೆಲ್ಲ ಧೂಳು, ನಿಂಗೆ ಕೆಮ್ಮು ಬೇರೆ.

ಚೀಲದಲ್ಲಿ ಏನದು? ತಿನ್ನೋಕೆ ಏನಾದ್ರೂ ತಂದ್ಯಾ? ತಾ ಮತ್ತೆ, ಬೆಳಗ್ಗಿಂದ ಹೊಟ್ಟೆಗೆ...

ಬಲೆ ತುಂಡು.

ಭಾವನ ಫ್ಯಾನಿಂದ ಕೊಯ್ದು ಬಿಡಿಸಿದ್ದಾ? ಛೆ, ಇದನ್ನ ಯಾಕೆ ಇಟ್ಕೊಂಡಿದ್ದೀಯ? ಕಲೆ ಇನ್ನೂ ಹಾಗೇ ಇದೆ. ಎಸೆದುಬಿಡಬಾರದಾ... ಯಾಕೆ ನನ್ನ ಮುಂದೆ ಹಿಡೀತೀಯ? ಗಂಟು. ಹೌದು, ಕಾಣ್ತಿದೆ, ಹರಿದ ಕಡೆ ಯಾರೋ ಗಂಟು ಹಾಕಿದ್ದಾರೆ. ಬಲೆ ಅಂದ ಮೇಲೆ ಗಂಟು ಇರಲ್ವಾ? ಎಲ್ಲರೂ ಹಾಕೋ ಗಂಟೇ. ಬಲಕ್ಕೆ ಸುತ್ತಿ, ಬಲಕ್ಕೆ ಎಳೆದು...

ಇದು ಎಡಕ್ಕಿದೆ.

ಬೇರೆ ದೇಶದಲ್ಲೂ ಎಡಚರು ಇರ್ತಾರಕ್ಕಾ. ಇರಲ್ವಾ? ಅಷ್ಟು ದೊಡ್ಡ ಸಮುದ್ರ, ಅಷ್ಟೊಂದು ದೇಶ, ಅಲ್ಲಿ ಒಬ್ಬಳಾದ್ರೂ ಎಡಗೈಯವಳು...

ಏನಾದ್ರೂ ಅನ್ನು. ಬೈಯಿ. ಅಮ್ಮನ ಸೌಟು ತಗೊಂಡು ಬಾ, ಹೊಡಿ. ಆ ತುಂಡನ್ನ ಹೀಗೆ ನನ್ನ ಮುಂದೆ ಹಿಡ್ಕೊಂಡು ನಿಲ್ಬೇಡ ಅಕ್ಕಾ, ನನ್ನ ಕೈಲಿ ತಡಿಯೋಕಾಗಲ್ಲ.

ಅದನ್ನೇ ಆರನೇ ಸಲ ಮುಳುಗಿಸಿದ್ದೆ. ಮಾರನೇ ದಿನ ಬರ್ಬೇಕಾದೋರು ಬರ್ಲಿಲ್ಲ. ಎಲ್ಲೋ ದೊಡ್ಡ ಸಭೆಯಂತೆ, ಪ್ಲಾಸ್ಟಿಕ್ಕನ್ನ "ಕಡಿಮೆ ಮಾಡಬೇಕು" ಅಂತ ಬರೆಯೋದಾ, "ಕಡಿಮೆ ಮಾಡಲು ಯತ್ನಿಸಬೇಕು" ಅಂತ ಬರೆಯೋದಾ ಅಂತ ಜಗಳ ಹತ್ತಿ ಮೂರು ದಿನ ಅಲ್ಲೇ ಕೂತ್ರು. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ನಾನು ಬಲೆ ತೆಗೀಲೇ ಇಲ್ಲ. ಮೂರನೇ ದಿನ ಸಂಜೆ ಹೋಗಿ ನೋಡ್ದೆ, ಕೆಂಪು ಡಬ್ಬ ಇರ್ಲಿಲ್ಲ. ಅಲೆಗೆ ಕಲ್ಲಿನ ಹಗ್ಗ ಕಡಿದು ಬಲೆ ತೇಲಿಹೋಗಿತ್ತು. ದೋಣಿಯೋರಿಗೆಲ್ಲ ಹೇಳ್ಬೇಕಿತ್ತು, ಹುಷಾರು ಅಂತ ಒಂದು ಮಾತು. ಹೇಳಿದ್ರೆ, ನಿಮ್ಮ ಗೋಡೌನಿನ ಬಲೆ ನೀರಿಗೆ ಹೇಗೆ ಬಂತು ಅಂತ ಕೇಳ್ತಿದ್ರು.

ಮಾರನೇ ಬೆಳಗ್ಗೆ ಭಾವ ದೋಣಿ ಬಿಡುವಾಗ ನಾನು ದಡದಲ್ಲೇ ನಿಂತಿದ್ದೆ. ಹೇಳೋಕೆ ಅಂತಲೇ ಬಂದಿದ್ದೆ ಅಕ್ಕಾ, ನಿನ್ನಾಣೆ. ಅವರು ನನ್ನ ನೋಡಿ ನಕ್ಕರು, ಬಲಗೈ ಎತ್ತಿ ಬೀಸಿದ್ರು.

ನಾನೂ ಬೀಸಿದೆ.