ಬಸವ ಕ್ವಾರಂಟೈನಿನ್ಯಾಗ ಇದ್ದಾನ

...ಇಲ್ಲತ್ತಿ, ಚೀಲದ್ದು ಎಲ್ಲಾ ಮತ್ತ ಹೊರಗ ತಗೀಲೇಬೇಕು. ಸಿಟ್ಟಾಗಬ್ಯಾಡ್ರಿ. ನಾಳೆ ವಿಮಾನ, ಒಂದೊಂದು ಸಾಮಾನು ನಾ ನೋಡಿ ಇಡ್ತೀನಿ. ಈ ವಾಫಲ್ ಬಿಸ್ಕೀಟಿನ ಪಾಕೀಟು ಸೀಲ್ ಐತಿ, ಇರಲಿ. ಬುತ್ತಿ ಡಬ್ಬಿ ಕೊಡ್ರಿ ಇಲ್ಲೆ.

ಯಾಕ ನಗ್ತೀರಿ? ಸೊಸಿ ಪೊಲೀಸರಂಗ ಹುಡುಕ್ತಾಳಂತ? ನಗ್ರಿ. ಆದ್ರ ಕೇಳ್ರಿ. ಆಮ್ಸ್ಟರ್‌ಡ್ಯಾಮಿನ್ಯಾಗ ಒಂದು ಅಂಗಡಿ ಮುಂದ ಮೂಗು ಮುಚ್ಚಿಕೊಂಡ್ರಲ್ಲ, ಕಾಫಿಶಾಪ್ ಅಂತ ಬೋರ್ಡು, ಒಳಗ ಮಾರೋದು ಗಾಂಜಾ... ಹೂಂ, ರಾಜಾರೋಷ. ಕೊರೊನಾದಾಗೂ ಮಂದಿ ಪಾಳಿ ಹಚ್ಚಿ ಕಟ್ಟಿಸಿಕೊಂಡು ಹೋಗ್ತಿದ್ರು. ಊರು ನೋಡಾಕ ಬಂದವರು ಏನು ತಿಳ್ಕೊತಾರ? ಇಲ್ಲಿ ಇದಕ್ಕ ಕಾಯ್ದೇನ ಇಲ್ಲ ಅಂತ. ಐತಿ ಅತ್ತಿ. ಸ್ವಲ್ಪ ಇದ್ರ ಕಂಡೂ ಕಾಣದಂಗ ಬಿಡ್ತಾರ, ಅಷ್ಟ. ದೇಶ ದಾಟಿಸಿದ್ರ ಅಪರಾಧ. ನಮ್ಮಲ್ಲಿ ಇಳಿದ್ರಂತೂ... ಅದೂ ಬರೇ ಸೊಪ್ಪಲ್ಲ. ಚಾಕಲೇಟಿನ್ಯಾಗ ಹಾಕ್ತಾರ, ಬಿಸ್ಕೀಟಿನ್ಯಾಗ ಹಾಕ್ತಾರ. ಅಂಗಡ್ಯಾಗ ಕೊಂಡದ್ದು ಅಂದ್ರ ಕೇಳಂಗಿಲ್ಲ. ಗೊತ್ತಿರಲಿಲ್ಲ ಅಂದ್ರೂ ಕೇಳಂಗಿಲ್ಲ.

ದನಿಗೆ ಏನಾಗಿಲ್ಲ. ನೆಗಡಿ.

ಬಸವಾ? ಆರಾಮ ಇದ್ದಾನ. ಊರು ನೋಡಾಕಂತ ಬಂದು ತಾಯಿ ಮಗ ಇಬ್ಬರೂ ಲಾಕ್‌ಡೌನಿಗೆ ಈ ಆಮರ್ಸ್‌ಫೋರ್ಟಿನ ನಮ್ಮ ಮನ್ಯಾಗ ಸಿಕ್ಕಿಹಾಕ್ಕೊಂಡ್ರಿ, ಅವಗ ಮೊದಲು ವಿಮಾನದ ಸೀಟು ಸಿಕ್ತು, ಹೋದ. ಕ್ವಾರಂಟೈನಿನ್ಯಾಗ ಫೋನ್ ಕೊಡಂಗಿಲ್ಲಂತ ನಿಮ್ಮ ದೊಡ್ಡ ಮಗ ಹೇಳಿದ್ರಲ್ಲ... ಗೊತ್ತೈತಿ, ನನ್ನ ಗೆಳತಿ ಶೀತಲ್ ಗಂಡ ಕ್ವಾರಂಟೈನಿನಿಂದ ದಿನಾ ವಿಡಿಯೋ ಕಾಲ್ ಮಾಡ್ತಿದ್ದ. ಒಂದೊಂದು ಕಡೆ ಒಂದೊಂದು ರೂಲ್ಸು. ನೀವು ಬೆಂಗಳೂರಾಗ ಅವನ್ನ ಹುಡುಕಬ್ಯಾಡ್ರಿ, ನಿಮ್ಮ ಕ್ವಾರಂಟೈನ್ ಮುಗಿಸಿ ಸೀದಾ ಧಾರವಾಡಕ್ಕ ಹೋಗ್ರಿ. ಗೋವಿಂದರಾಜು ಅಂತ ಒಬ್ಬರು ಎಲ್ಲಾ ನೋಡ್ಕೊಳ್ಳಾಕತ್ತಾರ... ಡಾಕ್ಟರಲ್ಲ. ಕೋರ್ಟಿನ... ಅಂದ್ರ, ಕೋರ್ಟಿನ ಹತ್ರ ಅವರ ಮನಿ.

ಯಾವ ಕೇಕು?

...ಹೌದು, ಫ್ರಿಜ್ಜಿನ್ಯಾಗ ಇದ್ದ ಕೇಕು. ಬಸವ ತಂದಿದ್ದ, ಆ ಗಾಂಜಾ ಅಂಗಡಿಯಿಂದಽ. ರುಚಿ ನೋಡೋಣಂತ ತಂದು, ಧೈರ್ಯ ಸಾಲದ ಹಂಗಽ ಬಿಟ್ಟಿದ್ದ. ಹೋಗೋ ಗಡಿಬಿಡ್ಯಾಗ ಮರತೂ ಬಿಟ್ಟ.

ಇಲ್ಲತ್ತಿ. ನಿಮ್ಮ ತಪ್ಪಲ್ಲ. ಕೇಕಿನ ಡಬ್ಬಿ ಮ್ಯಾಲೆ ಬರದದ್ದು ನಿಮಗೆಲ್ಲಿ ಓದಾಕ ಬರ್ತೈತಿ? ಹಾದ್ಯಾಗ ಹಸಿದಾನು ಅಂತ ಅವನ ಚೀಲದಾಗ ಚಪಾತಿ ಜೋಡಿ ಇಟ್ರಿ. ಯಾವ ತಾಯಿನೂ ಇಡ್ತಾಳ.

ಕುಂದರ್ರಿ. ನೀರು ಕೊಡ್ಲಾ?

ಮುಚ್ಚಿಟ್ಟಿ ಅಂತ ನನ್ನ ಬೈರಿ ಅತ್ತಿ.

ಬೆಂಗಳೂರಾಗ ಇಳಿದ ಕೂಡ್ಲೆ ಪೊಲೀಸರಿಗೆ ಆ ಕೇಕು ಸಿಕ್ತು, ಚೀಲ ಯಾರು ಕಟ್ಟಿದ್ದು ಅಂತ ಕೇಳಿದ್ರಂತ. ನಾನಽ ಕಟ್ಟೀನಿ ಅಂದಾನ. ಹಂಗಽ ಬರಕೊಂಡು ಒಳಗ ಹಾಕ್ಯಾರ. ಆ ಗೋವಿಂದರಾಜು ವಕೀಲರ ಕಡೆ ಹೇಳಿ ಕಳಿಸ್ಯಾನ, ಅವ್ವಗ ತಿಳಿಸಬ್ಯಾಡ್ರಿ, ಅಕಿ ಬಂದು ನಾ ಇಟ್ಟೆ ಅಂತಾಳ, ಅಕಿನ್ನೂ ಹಿಡಿತಾರ ಅಂತ.

ಅತ್ತಿ, ಯಾಕ ಎದ್ರಿ? ಕೋಟು ಯಾಕ ಹಾಕ್ಕೋತೀರಿ... ವಿಮಾನ ನಾಳೆ ಅತ್ತಿ, ಬಾಗಲಾ ಬಿಡ್ರಿ.